ಮಂದಗತಿಯ ಮಾನಿನಿ
1922ರಲ್ಲಿ ಅಮೆರಿಕದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮುಯೆಲ್‌ಸನ್ನನು ದೋಣಿಯ ಹಿಂದೆ ಹಲಗೆಗಳ ಮೇಲೆ ನಿಂತು ನೀರಿನಲ್ಲಿ ಜಾರಿದಂದಿನಿಂದ, ಹಾಗೆ ಜಾರುವವರನ್ನು ಎಳೆಯುವ ಸ್ಕೀ ದೋಣಿಯ ಕೀರ್ತಿಯೆಲ್ಲ ವೇಗಕ್ಕೇ ಸಂದಿದೆ; ಗಂಟೆಗೆ 58 ಕಿಲೋಮೀಟರಿನಲ್ಲಿ ಸ್ಲಾಲಮ್ ಆಟಗಾರನನ್ನು ನೆಟ್ಟನೆ ಎಳೆದೊಯ್ಯುವ ಈ ಮಾನಿನಿಯು, ಜೆಟ್ಟಿಯ ಸಮೀಪಕ್ಕೆ ಮೆಲ್ಲನೆ ಬಂದೊಡನೆ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗಿತಿಯಂತೆ ಯಾರ ಮಾತನ್ನೂ ಕೇಳಳು. ಎಂಜಿನ್ನು ಒಡಲೊಳಗಿದ್ದು ಪ್ರೊಪೆಲರು ಅತ್ತಿತ್ತ ಹೊರಳದೆ ಸ್ಥಿರವಾಗಿರುವುದರಿಂದ, ಅದು ನೂಕಿದ ನೀರು ಚುಕ್ಕಾಣಿಗೆ ಬಡಿದಲ್ಲದೆ ದೋಣಿ ತಿರುಗದು. ರಿವರ್ಸಿನಲ್ಲಂತೂ ಸ್ಟೀರಿಂಗನ್ನು ಎಷ್ಟು ತಿರುಗಿಸಿದರೂ ಅದು ಚಾಲಕನ ತೋಳಿಗೆ ವ್ಯಾಯಾಮವೇ ಹೊರತು ಅನ್ಯಪ್ರಯೋಜನವಿಲ್ಲ. ಮುನ್ನಡೆವಾಗ ಬಲಕ್ಕೆ ಸುತ್ತುವ ಪ್ರೊಪೆಲರಾದರೆ ರಿವರ್ಸಿನಲ್ಲಿ ಹಿಂಭಾಗ ಎಡಕ್ಕೆ ವಾಲುವುದು, ಎಡಕ್ಕೆ ಸುತ್ತುವುದಾದರೆ ಬಲಕ್ಕೆ. ಇದು ಆಕೆಯ ಹುಟ್ಟುಗುಣ. ಬಲ್ಲವರು ಆ ವಾಲುವ ಮಗ್ಗುಲಿಗೇ ಜೆಟ್ಟಿ ದೊರೆಯುವಂತೆ ಓರೆಯಾಗಿ ಬಂದು, ಕ್ಷಣಮಾತ್ರ ರಿವರ್ಸು ಕೊಟ್ಟು, ಎಲ್ಲವೂ ತಮ್ಮ ಕೈಚಳಕವೆಂಬ ಗಾಂಭೀರ್ಯದಿಂದ ಹಗ್ಗ ಎಸೆಯುವರು. ಉಳಿದವರ ಪ್ರತಾಪ ಜೆಟ್ಟಿಗೆ ಹೊಡೆದ ರಬ್ಬರಿಗೇ ಗೊತ್ತು.