ಬಸವಕಲ್ಯಾಣದ ಹೀಬ್ರೂ ಮೂಲ: ಒಂದು ಘನಘೋರ ಸಂಶೋಧನೆ

ಬಸವಕಲ್ಯಾಣದವರ ಮೂಲ ಮಾತು ಹೀಬ್ರೂ ಎಂಬುದು ಇಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದದ್ದು ವಿಷಾದನೀಯ. ಹೀಬ್ರೂವಿನಲ್ಲಿ 'ಕಲ್ಲಾ' ಎಂದರೆ ಮದುವಣಗಿತ್ತಿ. ನಮ್ಮಲ್ಲಿ ಕಲ್ಯಾಣವೆಂದರೆ ಮದುವೆ. ಮದುವಣಗಿತ್ತಿಯಿಲ್ಲದ ಮದುವೆ ಉಂಟೇ? ಪ್ರಮೇಯ ಸಿದ್ಧ. ಸಂಸ್ಕೃತದಲ್ಲಿ ಕಲ್ಯಾಣವೆಂದರೆ ಶುಭ, ಮಂಗಳ ಎಂದು ತಕರಾರು ತೆಗೆಯುವವರನ್ನು ಈ ಸಂಶೋಧನೆಯ ಪ್ರಬಂಧಕಾರರು ಮೊದಲ ಪುಟದಲ್ಲೇ ಹೊರಗೆ ಕೂರಿಸಿದ್ದಾರೆ.

ನೆರೆಯ ಹುಮನಾಬಾದ ಇನ್ನೂ ಸಲೀಸು. 'ಎಮುನಾ' ಎಂದರೆ ನಂಬಿಕೆ. ಅದಕ್ಕೆ ಪಾರಸಿಯ 'ಆಬಾದ್' ಅಂಟಿತು. ಮುಂದಿನ ಹಕಾರ ಎಲ್ಲಿಂದ ಬಂತು? ಮಂಡ್ಯದ ಕಡೆ 'ಹಾಲು' 'ಆಲು' ಆದಾಗ ಉದುರಿದ ಹಕಾರಗಳು ಎಲ್ಲಿಗಾದರೂ ಹೋಗಿರಲೇಬೇಕಲ್ಲ! ಊರಿಗೆ ಹಿಂದೆ ಜಯಸಿಂಹಪುರ ಎಂಬ ಹೆಸರಿತ್ತೆಂಬುದು ಸಿದ್ಧಾಂತಕ್ಕೆ ಒಗ್ಗದ ಕಾರಣ ಅದನ್ನು ಕೈಬಿಡಲಾಗಿದೆ.

ಕ್ಷೇತ್ರಕಾರ್ಯ ನಡೆದದ್ದು ಹುಮನಾಬಾದದ ಒಂದು ಕಿರಾಣಿ ಅಂಗಡಿಯಲ್ಲಿ. ಬೆಲ್ಲದ ಪೆಂಟೆಯ ಮೇಲಿನ ನೊಣ ಓಡಿಸುತ್ತಿದ್ದ ಅಂಗಡಿಯವರಿಗೆ ಗಿರಾಕಿಯೊಬ್ಬರು, "ಮಾಲಕ್ರೇ, ಹಿಸಾಬ್ ಎಷ್ಟ್ ಆತ್ರಿ?" ಎಂದರು. ಪ್ರಬಂಧಕಾರರು ರೋಮಾಂಚನಗೊಂಡರು. ಹೀಬ್ರೂವಿನಲ್ಲಿ 'ಮೆಲೆಖ್' ಎಂದರೆ ರಾಜ. ಇಸ್ರೇಲಿನ ಹೋಟೆಲಿನಲ್ಲಿ ಇಂದಿಗೂ ಬಿಲ್ಲಿಗೆ 'ಹೆಶ್ಬೋನ್' ಎನ್ನುತ್ತಾರೆ. ಸವಾಲು ಅಲ್ಲಿ 'ಶೆಏಲಾ', ಬರಕತ್ತು 'ಬ್ರಾಖಾ'.

ಈ ಸಲ ಹೋಲಿಕೆ ಸುಳ್ಳಲ್ಲ. ದಾರಿ ಮಾತ್ರ ಬೇರೆ. ಅರಬ್ಬಿ, ಹೀಬ್ರೂ ಎರಡೂ ಸೆಮಿಟಿಕ್ ಕುಟುಂಬದ ಭಾಷೆಗಳು; ಹಿಸಾಬು, ಹೆಶ್ಬೋನ್ ದಾಯಾದಿಗಳು. ಅರಬ್ಬಿ ಪದ ಪಾರಸಿಗೆ ಸೇರಿ, ಬಹಮನಿ, ಬರೀದಶಾಹಿ ದರ್ಬಾರುಗಳನ್ನು ಹಾದು, 1948ರವರೆಗೆ ನಿಜಾಮನ ಉರ್ದು ಕಚೇರಿಗಳಲ್ಲಿ ಕೂತು ಬೀದರಿನ ಬಾಯಿಗೆ ಬಂತು. ಹೀಬ್ರೂಗೂ ಹುಮನಾಬಾದಕ್ಕೂ ಕೊಡುಕೊಳ್ಳುವ ವ್ಯವಹಾರವೇ ನಡೆದಿಲ್ಲ. ಇದನ್ನು ಪ್ರಬಂಧಕಾರರು ಅಡಿಟಿಪ್ಪಣಿಗೆ ತಳ್ಳಿದ್ದಾರೆ, ಅದೂ ಸಣ್ಣ ಅಕ್ಷರದಲ್ಲಿ.

ಅದೇ ಅಡಿಟಿಪ್ಪಣಿಯಲ್ಲಿ ಒಂದು ನವಿಲೂ ಅಡಗಿದೆ. ಸೊಲೊಮೋನ್ ರಾಜನ ಹಡಗುಗಳು ಬಂಗಾರ, ದಂತ, ಕೋತಿಗಳ ಜೊತೆ 'ತುಕ್ಕಿಯೀಮ್'ಗಳನ್ನು ತರುತ್ತಿದ್ದವೆಂದು ಬೈಬಲ್ಲಿನಲ್ಲಿದೆ. ಅದು ತಮಿಳಿನ 'ತೋಗೈ'ಯಿಂದ ಹೋದ ನವಿಲು ಎಂಬ ವಾದವನ್ನು ಕಾಲ್ಡ್‌ವೆಲ್ 1856ರ ತಮ್ಮ ದ್ರಾವಿಡ ವ್ಯಾಕರಣದಲ್ಲೇ ಎತ್ತಿಕೊಂಡಿದ್ದರು. ತೋಗೈ ನಮ್ಮ ತೋಕೆಯ ತಂಗಿ; ತೋಕೆಚುಕ್ಕಿಯ ಬಾಲವೂ ಅದೇ. ಇಂದಿನ ಹೀಬ್ರೂವಿನಲ್ಲಿ 'ತುಕ್ಕಿ' ಎಂದರೆ ಗಿಳಿ. ಹಡಗಿನಿಂದ ಇಳಿಯುವಷ್ಟರಲ್ಲಿ ಪುಕ್ಕ ಉದುರಿರಬೇಕು.

ನಿಜವಾದ ಸರಕು ಅಂಗಡಿಯ ಮುಂದಿನ ರಸ್ತೆಯ ಮೇಲೇ ಇತ್ತು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುತ್ತಿದ್ದ ಟ್ರ್ಯಾಕ್ಟರುಗಳ ದಾರಿ ಅದು. ಸಕ್ಕರೆ ಎಂಬ ಪದ ನಮ್ಮ ದೇಶದಿಂದಲೇ ಹೊರಟದ್ದು: ಸಂಸ್ಕೃತದ ಶರ್ಕರಾ, ಅಂದರೆ ಮೊದಲಿಗೆ ಹರಳು, ಪಾರಸಿಯಲ್ಲಿ 'ಶಕರ್', ಅರಬ್ಬಿಯಲ್ಲಿ 'ಸುಕ್ಕರ್', ಹೀಬ್ರೂವಿನಲ್ಲಿ 'ಸುಕಾರ್'. ಎದುರು ದಿಕ್ಕಿನಿಂದ ಬಂದದ್ದು ಜೊಂಡು. ಹೀಬ್ರೂವಿನಲ್ಲಿ ಅದು 'ಕಾನೆ'. ಅದರ ಸೆಮಿಟಿಕ್ ಬಂಧು ಗ್ರೀಕಿಗೆ 'ಕನ್ನಾ' ಆಗಿ ಹೋಗಿ, ಒಂದು ಕಡೆ ಇಂಗ್ಲಿಷಿನ 'ಕೇನ್' ಆಯಿತು. ಇನ್ನೊಂದು ಕಡೆ ಅಳತೆಯ ಕೋಲಾಗಿ, 'ಕನೋನ್' ಎನಿಸಿಕೊಂಡು, ಅರಬ್ಬಿಯಲ್ಲಿ 'ಕಾನೂನ್' ಆಯಿತು ಎನ್ನುತ್ತಾರೆ ನಿಘಂಟುಕಾರರು. ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರನ್ನು ಹೆದ್ದಾರಿಯಲ್ಲಿ ತಡೆದು ಪೊಲೀಸರು ಕಾನೂನು ಹೇಳುವಾಗ, ಟ್ರಾಲಿಯ ಶುಗರ್‌ಕೇನೂ ಸಾಹೇಬರ ಬಾಯಿಯ ಕಾನೂನೂ ಒಂದೇ ಜೊಂಡಿನ ಎರಡು ತುಂಡು.

ಪ್ರಬಂಧಕಾರರಿಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ. ಅವರು ಆಗಲೇ ಭಾಲ್ಕಿಯ ಬಸ್ಸು ಹತ್ತಿದ್ದರು. ಸೆಮಿಟಿಕ್ ಜನರ ದೇವರು 'ಬಾಲ್' ಆ ಊರಲ್ಲಿ ಕನಿಷ್ಠ ಒಂದು ರಾತ್ರಿಯಾದರೂ ತಂಗಿದ್ದನೆಂಬ ಬಗ್ಗೆ ಅವರಿಗೆ ಬಲವಾದ ಗುಮಾನಿಯಿದೆ.