ಕ್ಲಬ್ಬಿನ ಇನಿಷಿಯಲ್ಲು

2022ರ ಮೇ ತಿಂಗಳ ಕೊನೆ. ರಾತ್ರಿಯೆಲ್ಲ ಮಳೆ ಬಂದು ನಿಂತಿತ್ತು. ಹಾಲಿನ ಪ್ಯಾಕೆಟ್ಟು ತರೋಣವೆಂದು ಬಾಗಿಲು ತೆಗೆದರೆ ಪಕ್ಕದ ಮನೆಯ ಬಂಗಾಳಿ ದಾದಾ ಕಾಂಪೌಂಡು ಗೋಡೆಯ ಮೇಲೆ ಎರಡೂ ಮೊಣಕೈ ಊರಿ ನನಗಾಗಿ ಕಾದಿದ್ದರು. ಅವರು ಹಾಗೆ ನಿಂತರೆ ಎರಡರಲ್ಲಿ ಒಂದು: ಕಾವೇರಿ ನೀರು ಬಂದಿಲ್ಲ, ಇಲ್ಲವೇ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಫುಟ್‌ಬಾಲ್ ಕ್ಲಬ್ಬಿನ ಸುದ್ದಿ ಬಂದಿದೆ.

"ಮೇಷ್ಟ್ರೇ, ಮ್ಯಾಂಚೆಸ್ಟರ್ ಯುನೈಟೆಡ್‌ನೋರು ನಮ್ಮನ್ನ ತಗೋತಾರಂತೆ!"

"ಯಾರು ಹೇಳಿದ್ದು?"

"ದಾದಾ ಹೇಳಿದ್ದು."

ನಮ್ಮ ದಾದಾಗೂ ಒಬ್ಬ ದಾದಾ ಇದ್ದಾರೆ, ಸೌರವ್ ಗಂಗೂಲಿ. ಮ್ಯಾಂಚೆಸ್ಟರ್ ಯುನೈಟೆಡ್ ಜೊತೆಗೂ ಇನ್ನು ಕೆಲವರ ಜೊತೆಗೂ ಮಾತುಕತೆ ನಡೆದಿದೆ, ಬಂದರೆ ಬರೀ ಹಣ ಹಾಕುವವರಾಗಿ ಅಲ್ಲ, ಮಾಲೀಕರಾಗಿಯೇ ಬರುತ್ತಾರೆ ಎಂದು ಅವರು ಪತ್ರಕರ್ತರಿಗೆ ಹೇಳಿದ್ದು ನಿಜ. ಅಷ್ಟು ಸಾಕಾಯಿತು. ನಾನು ಹಾಲು ಕಾಯಿಸಿ ಕಾಫಿ ಬೆರೆಸಿ ಎರಡು ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ದಾದಾ ಕ್ರಿಸ್ಟಿಯಾನೊ ರೊನಾಲ್ಡೊನನ್ನು ಸಾಲ್ಟ್ ಲೇಕ್ ಸ್ಟೇಡಿಯಮ್ಮಿನಲ್ಲಿ ಇಳಿಸಿ, ಬದ್ಧವೈರಿ ಮೋಹನ್ ಬಗಾನಿನ ಮೇಲೆ ಎರಡು ಗೋಲು ಹೊಡೆಸಿಯೂ ಆಗಿತ್ತು.

ದಾದಾ 1984ರಲ್ಲಿ ಎಚ್‌ಎಎಲ್‌ಗೆ ಎಂಜಿನಿಯರ್ ಆಗಿ ಬಂದವರು, ಇಲ್ಲೇ ನಿವೃತ್ತರಾದವರು. ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ, 'ವಿಷಯ' ಮಾತ್ರ 'ಬಿಷಯ' ಆಗುತ್ತದೆ. ಅವರ ತಂದೆ ದೇಶ ಎರಡಾದಾಗ ಢಾಕಾ ಕಡೆಯಿಂದ ಒಂದು ಕಬ್ಬಿಣದ ಟ್ರಂಕು ಹಿಡಿದು ಕಲ್ಕತ್ತೆಗೆ ಬಂದವರು. ಹಾಗೆ ಬಂದ ಲಕ್ಷಾಂತರ ಜನಕ್ಕೆ ಆ ಊರಿನಲ್ಲಿ 'ನಮ್ಮದು' ಅನ್ನಲು ಸಿಕ್ಕ ಮೊದಲ ವಸ್ತು ಈ ಕ್ಲಬ್ಬು. 1920ರ ಆಗಸ್ಟ್ 1ರಂದು ಅದು ಹುಟ್ಟಿದ್ದೇ ಒಂದು ಮುನಿಸಿನಿಂದ. ಮೋಹನ್ ಬಗಾನ್ ವಿರುದ್ಧದ ಪಂದ್ಯದಲ್ಲಿ ಜೋರಾಬಗಾನ್ ತಂಡದವರು ಪೂರ್ವ ಬಂಗಾಳದ ಆಟಗಾರ ಶೈಲೇಶ್ ಬೋಸರನ್ನು ಕೈಬಿಟ್ಟರು. ಅದೇ ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿಯವರಿಗೆ ಸಿಟ್ಟು ಬಂತು, ಹೊರಬಂದು ಬೇರೆ ಕ್ಲಬ್ ಕಟ್ಟಿದರು. ಸಿಟ್ಟಿನಲ್ಲಿ ಕಟ್ಟಿದ್ದು ನೂರು ವರ್ಷ ನಿಂತಿದೆ.

ನನಗೂ ಆ ಕ್ಲಬ್ಬಿಗೂ ಏನು ಸಂಬಂಧ? ನಾನು ಬೆಂಗಳೂರಿನವನು ಎಂಬುದೇ ನನ್ನ ತಪ್ಪು. ಈಸ್ಟ್ ಬೆಂಗಾಲ್ ಮೇಲೆ ಕಣ್ಣು ಹಾಕಿದ ಕಂಪನಿಗಳಲ್ಲಿ ಎರಡು ನಮ್ಮೂರಿನವು. 1998ರಲ್ಲಿ ವಿಜಯ್ ಮಲ್ಯರ ಯುಬಿ ಗ್ರೂಪ್ ಹೋಗಿ ಅರ್ಧ ಪಾಲು ತೆಗೆದುಕೊಂಡಿತು, ಹೆಸರು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್ ಆಯಿತು. ಅದೇ ವರ್ಷ ಅದೇ ಮಲ್ಯರು ಬದ್ಧವೈರಿಯ ಮನೆಗೂ ಹೋಗಿ ಅಲ್ಲೂ ಅರ್ಧ ಪಾಲು ಹಿಡಿದರು. ಅದು ಮೆಕ್‌ಡೊವೆಲ್ ಮೋಹನ್ ಬಗಾನ್. ಕೋಳಿ ಅಂಕದಲ್ಲಿ ಕತ್ತಿ ಕಟ್ಟಿದ ಎರಡೂ ಹುಂಜ ಒಬ್ಬನದೇ ಆದರೆ ನೋಡುವವನು ಯಾವುದಕ್ಕೆ ಕೂಗಬೇಕು? ಆದರೂ ಕೂಗಿದರು. ದಾದಾನ ಪ್ರಕಾರ ಆ ಕಾಲವೇ ಸುಖ: 2003ರಲ್ಲಿ ಜಕಾರ್ತಕ್ಕೆ ಹೋಗಿ ಥಾಯ್ಲೆಂಡಿನ ಬಿಇಸಿ ಟೆರೊ ಸಾಸನ ತಂಡವನ್ನು 3–1ರಿಂದ ಸೋಲಿಸಿ ಆಸಿಯಾನ್ ಕಪ್ ತಂದದ್ದು ಆಗಲೇ.

2018ರ ಜುಲೈಯಲ್ಲಿ ಎರಡನೆಯ ಸಂಬಂಧ ಕುದುರಿತು. ಬೆಂಗಳೂರಿನ ಕ್ವೆಸ್ ಕಾರ್ಪ್ ನೂರಕ್ಕೆ 70 ಪಾಲು ಹಿಡಿಯಿತು. ಆ ದಿನ ದಾದಾ ಗೋಡೆಯ ಮೇಲಿಂದ ರಸಗುಲ್ಲದ ಡಬ್ಬ ದಾಟಿಸಿ, "ನಿಮ್ಮೂರಿಗೆ ಹೆಣ್ಣು ಕೊಟ್ಟಿದ್ದೀವಿ, ಚೆನ್ನಾಗಿ ನೋಡ್ಕೊಳ್ಳಿ" ಎಂದಿದ್ದರು. ನಾನು ಬೀಗರ ಗತ್ತಿನಲ್ಲಿ ಡಬ್ಬ ಇಸಕೊಂಡೆ. ಮೊದಲ ವರ್ಷ ಒಂದೇ ಒಂದು ಅಂಕದಿಂದ ಐ-ಲೀಗ್ ತಪ್ಪಿತು, ಚೆನ್ನೈ ಸಿಟಿ ಗೆದ್ದಿತು. 2020ರ ಮೇ ಕೊನೆಗೆ ಕಂಪನಿಯೂ ಕ್ಲಬ್ಬೂ ಬೇರೆಯಾದರು. ಆಮೇಲೆ ಎರಡು ತಿಂಗಳು ದಾದಾ ನನಗೆ ಬರೀ 'ಗುಡ್ ಮಾರ್ನಿಂಗ್' ಮಾತ್ರ ಹೇಳುತ್ತಿದ್ದರು. ಕೋವಿಡ್ ಅಂತರ ಅಂದುಕೊಂಡಿದ್ದೆ. ಅಲ್ಲವಂತೆ, ಅದು ಬೀಗರ ಮೇಲಿನ ಮುನಿಸು.

ಆ ವರ್ಷದ ಸೆಪ್ಟೆಂಬರಿನಲ್ಲಿ ಶ್ರೀ ಸಿಮೆಂಟ್ ಬಂತು. ಘೋಷಣೆ ಮಾಡಿದವರು ಸಾಕ್ಷಾತ್ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ, ಅದೂ ಸರ್ಕಾರದ ಕಚೇರಿ ನಬಾನ್ನದಲ್ಲಿ. ಕ್ಲಬ್ಬು ಎಸ್‌ಸಿ ಈಸ್ಟ್ ಬೆಂಗಾಲ್ ಆಗಿ ಇಂಡಿಯನ್ ಸೂಪರ್ ಲೀಗಿಗೆ ಕಾಲಿಟ್ಟಿತು, ಕೋಚಾಗಿ ಲಿವರ್‌ಪೂಲಿನ ಹಳೆಯ ಹುಲಿ ರಾಬಿ ಫೌಲರ್ ಬಂದರು. ಆಗ ದಾದಾ ಮನೆಯ ಮೇಲೊಂದು ರೂಮು ಕಟ್ಟಿಸುತ್ತಿದ್ದರು. ಮೇಸ್ತ್ರಿಗೆ ಕಟ್ಟಪ್ಪಣೆಯಾಯಿತು: ಶ್ರೀ ಸಿಮೆಂಟೇ ತರಬೇಕು, ಕಲಬುರಗಿ ಜಿಲ್ಲೆಯಲ್ಲೇ ಅವರ ಕಾರ್ಖಾನೆ ಇದೆ, ಸಿಗಲ್ಲ ಅನ್ನಬೇಡ. ತಂಡ ಮೊದಲ ವರ್ಷ ಹನ್ನೊಂದರಲ್ಲಿ ಒಂಬತ್ತನೆಯದಾಯಿತು. ಮುಂದಿನ ಬೇಸಿಗೆಯಲ್ಲಿ ಅಂತಿಮ ಕರಾರಿಗೆ ಕ್ಲಬ್ಬಿನ ಪದಾಧಿಕಾರಿಗಳು ಸಹಿ ಹಾಕಲಿಲ್ಲ. 2021ರ ಜುಲೈ 21ರಂದು ಸಹಿ ಹಾಕಿ ಎನ್ನುವ ಗುಂಪು, ಬೇಡ ಎನ್ನುವ ಗುಂಪು ಎರಡೂ ಮೈದಾನದಲ್ಲಿರುವ ಕ್ಲಬ್ಬಿನ ಟೆಂಟಿನ ಮುಂದೆ ಸೇರಿ ಪೊಲೀಸರ ಲಾಠಿ ತಿಂದವು. ಎರಡನೆಯ ವರ್ಷ ತಂಡ ಕಟ್ಟಕಡೆ. ಅಷ್ಟರಲ್ಲಿ ದಾದಾನ ರೂಮಿಗೆ ತಾರಸಿ ಬಿದ್ದಿತ್ತು, ಪ್ಲಾಸ್ಟರ್ ಬಾಕಿ ಇತ್ತು. ಪ್ಲಾಸ್ಟರಿಗೆ ಬೇರೆ ಸಿಮೆಂಟು ಬಂತು.

ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ ಮ್ಯಾಂಚೆಸ್ಟರ್ ಸುದ್ದಿ ಬಂದ ಆ ಬೆಳಗ್ಗೆ ಸೊಪ್ಪು ಸೋಸುತ್ತಲೇ ಕೇಳಿದಳು: "ಅಲ್ಲ ದಾದಾ, ನಮ್ಮಲ್ಲಿ ಹೆಸರಿನ ಮುಂದೆ ಇನಿಷಿಯಲ್ ಹಾಕೋದು ಊರಿಂದು, ಅಪ್ಪಂದು. ನಿಮ್ಮ ಕ್ಲಬ್ಬಿಗೆ ಮೊದಲು ಕೆ, ಆಮೇಲೆ ಕ್ಯೂ, ಆಮೇಲೆ ಎಸ್ಸಿ. ಎಷ್ಟು ಜನ ಅಪ್ಪಂದಿರು?"

ದಾದಾ ಕಾಫಿ ಲೋಟದ ತಳವನ್ನೇ ನೋಡಿದರು. ಉತ್ತರ ಬಂದದ್ದು ಮಹಡಿಯಿಂದ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಸಾಫ್ಟ್‌ವೇರ್ ಹುಡುಗ ಉತ್ತರ ಕಲ್ಕತ್ತೆಯವನು, ಮೂರು ತಲೆಮಾರಿನ ಮೋಹನ್ ಬಗಾನ್. ಬಾಡಿಗೆಗೆ ಕೊಡುವಾಗ ನನಗೆ ಇದು ಗೊತ್ತಿರಲಿಲ್ಲ. ಬಾಲ್ಕನಿಯಿಂದ ಬಗ್ಗಿ, "ಆಂಟಿ, ಸೂಪರ್!" ಎಂದು ಕೂಗಿದ.

"ನಿಂದೇನು ಕಮ್ಮಿನಾ?" ಎಂದು ದಾದಾ ಮೇಲೆ ನೋಡಿದರು. "ಎಟಿಕೆ!"

ಹುಡುಗನ ಮುಖ ಚಿಕ್ಕದಾಯಿತು. 2020ರ ಜನವರಿಯಲ್ಲಿ ಸಂಜೀವ್ ಗೋಯೆಂಕಾ ಅವರ ಆರ್‌ಪಿಎಸ್‌ಜಿ ಗ್ರೂಪ್ ಮೋಹನ್ ಬಗಾನ್ ಫುಟ್‌ಬಾಲಿನ ನೂರಕ್ಕೆ 80 ಪಾಲು ತೆಗೆದುಕೊಂಡು, ತನ್ನ ಆರು ವರ್ಷದ ಕೂಸು ಎಟಿಕೆ ತಂಡಕ್ಕೆ 1889ರ ಅಜ್ಜನನ್ನು ಗಂಟು ಹಾಕಿ ಎಟಿಕೆ ಮೋಹನ್ ಬಗಾನ್ ಎಂದು ಕರೆದಿತ್ತು. 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕ್ಲಬ್ಬಿಗೆ ಆ ಮೂರಕ್ಷರ ಹೊರಲಾರದ ಹೊರೆಯಾಯಿತು. 'ಎಟಿಕೆ ತೆಗೆಯಿರಿ' ಎಂದು ಬ್ಯಾನರ್ ಹಿಡಿದು ಅದರ ಅಭಿಮಾನಿಗಳು ಸುಸ್ತಾಗಲಿಲ್ಲ.

ಆಟದ ಮಾತು ಬಿಡಿ, ಇಂಥ ವ್ಯವಹಾರದಲ್ಲಿ ಕಂಪನಿ ಕೊಂಡುಕೊಳ್ಳುವುದಾದರೂ ಏನನ್ನು? ನಾನು ಮೇಷ್ಟ್ರಾಗಿದ್ದವನು, ಪ್ರಶ್ನೆ ಕೇಳುವ ಚಟ ಹೋಗಿಲ್ಲ. ಕಲ್ಕತ್ತೆಯ ಮೈದಾನ ಸೇನೆಗೆ ಸೇರಿದ ಜಾಗ. ಕ್ಲಬ್ಬುಗಳ ಆಫೀಸಿಗೆ ಇವತ್ತಿಗೂ ಟೆಂಟ್ ಎಂದೇ ಹೆಸರು. ದೊಡ್ಡ ಪಂದ್ಯ ನಡೆಯುವ ಸಾಲ್ಟ್ ಲೇಕ್ ಸ್ಟೇಡಿಯಮ್ಮು ಸರ್ಕಾರದ್ದು. ಆಟಗಾರರು ವರ್ಷ ಎರಡು ವರ್ಷದ ಕರಾರಿನವರು. ಹಾಗಾದರೆ ಮಾರಾಟಕ್ಕಿರುವ ಆಸ್ತಿ ಯಾವುದು? ದಾದಾ ಒಂದು ಕಾಗದದ ಮೇಲೆ ಬರೆದು ವಿವರಿಸಿದರು. ಸದಸ್ಯರ ಕ್ಲಬ್ಬು ಒಂದು ಕಡೆ, ಹೊಸದಾಗಿ ಕಟ್ಟುವ ಕಂಪನಿ ಇನ್ನೊಂದು ಕಡೆ. ಕ್ಲಬ್ಬು ತನ್ನ ಆಡುವ ಹಕ್ಕನ್ನು ಕಂಪನಿಗೆ ಬರೆದುಕೊಡಬೇಕು, ಕಂಪನಿ ಹಣ ಸುರಿಯಬೇಕು. ಆ ಹಕ್ಕಿಗೆ ಇಂಗ್ಲಿಷಿನಲ್ಲಿ ಸ್ಪೋರ್ಟಿಂಗ್ ರೈಟ್ಸ್ ಅನ್ನುತ್ತಾರೆ. ಜಗಳವೆಲ್ಲ ಅದರದೇ: ಸಂಬಂಧ ಮುರಿದಾಗ ಅದನ್ನು ಯಾರು ಮನೆಗೆ ಒಯ್ಯಬೇಕು?

"ಇದ್ರಲ್ಲಿ ನಿಮ್ಮ ಪಾಲು ಎಲ್ಲಿದೆ ದಾದಾ?" ಎಂದೆ. ಅವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಾವು ಟಿಕೆಟ್ ತಗೋತೀವಿ" ಎಂದರು.

ಸತ್ಯ ಹೇಳಬೇಕೆಂದರೆ ಹಳೆಯ ಕಾಲವೇನೂ ಪವಿತ್ರವಾಗಿರಲಿಲ್ಲ. ಬೆಂಗಳೂರಿನ ಫುಟ್‌ಬಾಲನ್ನು ನಡೆಸಿದ್ದು ಕಾರ್ಖಾನೆಗಳೇ. ಎಚ್‌ಎಎಲ್ ತಂಡ, ಐಟಿಐ ತಂಡ. ಆಡುವವನಿಗೆ ಕೆಲಸ, ಕ್ಯಾಂಟೀನು, ಪಿಎಫ್. ಯಾರೂ ಅದನ್ನು ಟೇಕ್‌ಓವರ್ ಅನ್ನಲಿಲ್ಲ. ನಾನು ಬೆಂಬಲಿಸುವ ಬೆಂಗಳೂರು ಎಫ್‌ಸಿಯೂ 2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿಯ ಮನೆಯಲ್ಲೇ ಹುಟ್ಟಿದ್ದು. ಹುಟ್ಟುತ್ತಲೇ ಮಾಲೀಕನಿದ್ದವರಿಗೆ ಮಾಲೀಕ ಬದಲಾಗುವ ಸಂಕಟ ತಿಳಿಯುವುದಿಲ್ಲ ಎಂದು ದಾದಾ ನನ್ನನ್ನು ಆಗಾಗ ಹಂಗಿಸುತ್ತಾರೆ. ನಾನು ಒಂದೇ ಹೆಸರು ಹೇಳಿ ಬಾಯಿ ಮುಚ್ಚಿಸುತ್ತೇನೆ: ಅಹ್ಮದ್ ಖಾನ್. ನಮ್ಮ ಬೆಂಗಳೂರಿನ ಹುಡುಗ. 1949ರಲ್ಲಿ ಈಸ್ಟ್ ಬೆಂಗಾಲಿಗೆ ಹೋಗಿ 'ಪಂಚಪಾಂಡವ'ರಲ್ಲಿ ಒಬ್ಬನಾದ. ಆ ಐವರು ಮುಂದೆ ನಿಂತು ಆಡಿದ ಕಾಲದಲ್ಲೇ ಐಎಫ್‌ಎ ಶೀಲ್ಡ್ 1949, 1950, 1951, ಸತತ ಮೂರು ವರ್ಷ ಆ ಮನೆಗೆ ಬಂತು. ದಾದಾನ ತಂದೆ ಕಾಲಿಗೆ ಚಪ್ಪಲಿ ಇಲ್ಲದ ದಿನಗಳಲ್ಲಿ ಆ ಆಟ ನೋಡಿದ್ದರಂತೆ. ಮೈದಾನದಲ್ಲಿ ಖಾನ್ ಕಾಲಿಗೂ ಬೂಟಿರಲಿಲ್ಲ, 1948ರ ಲಂಡನ್ ಒಲಿಂಪಿಕ್ಸಿನಲ್ಲೂ ನಮ್ಮ ದೇಶದ ತಂಡದ ಬಹುಪಾಲು ಜನ ಬರಿಗಾಲಿನಲ್ಲೇ ಆಡಿದವರು. ಖಾನ್ ಸಾಹೇಬರು 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಹೆಸರು ಬಂದರೆ ದಾದಾ ಗೋಡೆಯಿಂದ ಮೊಣಕೈ ತೆಗೆದು ನೆಟ್ಟಗೆ ನಿಲ್ಲುತ್ತಾರೆ.

ಮ್ಯಾಂಚೆಸ್ಟರಿಗೆ ಮುಂಚೆ ಇನ್ನೊಂದು ಊಹೆ ಎದ್ದಿತ್ತು. 2022ರ ಆರಂಭದಲ್ಲಿ ಢಾಕಾದ ಬಸುಂಧರಾ ಗ್ರೂಪಿನ ಜೊತೆ ಮಾತುಕತೆ ನಡೆದಿತ್ತು. ಆ ಸುದ್ದಿ ತಂದ ದಿನ ದಾದಾ ಕೂಗಾಡಲಿಲ್ಲ. "ಅಪ್ಪ ಟ್ರಂಕು ಹಿಡ್ಕೊಂಡು ಬಂದ್ರು. ಈಗ ಆ ಕಡೆಯಿಂದ ಸೂಟ್‌ಕೇಸ್ ಬರತ್ತೆ" ಎಂದಷ್ಟೇ ಹೇಳಿ ನುಗ್ಗೇಕಾಯಿ ಕಿತ್ತು ಕೊಟ್ಟು ಒಳಗೆ ಹೋದರು. ಅದು ಮಾತಿನಲ್ಲೇ ಮುಗಿಯಿತು. ಎಲ್ಲ ಊಹೆಗಳಲ್ಲಿ ಆಗಬೇಕಿತ್ತು ಎಂದು ನನಗೆ ಅನ್ನಿಸಿದ್ದು ಅದೊಂದೇ.

ಮ್ಯಾಂಚೆಸ್ಟರಿನ ಬಗ್ಗೆ ಮಹಡಿಯ ಹುಡುಗ ಮೊದಲ ದಿನವೇ ತಕರಾರು ತೆಗೆದ. ಆ ವರ್ಷ ಅವರೇ ಆರನೆಯ ಸ್ಥಾನ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸಾಲ ಎತ್ತಿ ಕ್ಲಬ್ಬನ್ನು ಕೊಂಡು, ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದ ಸಿಟ್ಟಿಗೆ ಅಲ್ಲಿನ ಒಂದು ಗುಂಪು ಅಭಿಮಾನಿಗಳು ತಮ್ಮದೇ ಬೇರೆ ಕ್ಲಬ್ ಕಟ್ಟಿಕೊಂಡಿದ್ದಾರೆ. "ನಮ್ಮ ಸುರೇಶ್ ಬಾಬು ಥರ!" ಎಂದು ದಾದಾಗೆ ಖುಷಿಯಾಯಿತೇ ಹೊರತು ಎಚ್ಚರವಾಗಲಿಲ್ಲ. 2022ರ ನವೆಂಬರಿನಲ್ಲಿ ಗ್ಲೇಜರ್‌ಗಳು ಮ್ಯಾಂಚೆಸ್ಟರ್ ಯುನೈಟೆಡ್ಡನ್ನೇ ಮಾರಾಟಕ್ಕೆ ಇಟ್ಟರು. ಸ್ವಂತ ಮನೆಗೆ 'ಮಾರಾಟಕ್ಕಿದೆ' ಬೋರ್ಡು ಬರೆಸುತ್ತಿದ್ದವರು ಪಕ್ಕದ ಬೀದಿಯಲ್ಲಿ ಸೈಟು ಕೊಳ್ಳುತ್ತಾರೆಂದು ನಾವು ಕಾಫಿ ಖರ್ಚು ಮಾಡಿದ್ದೆವು!

ನಿಜವಾಗಿ ಬಂದವರು ಯಾರು? ಆ ಸುದ್ದಿಯ ವಾರದಲ್ಲೇ ನಬಾನ್ನದಿಂದ ಘೋಷಣೆಯಾಯಿತು: ಎಮಾಮಿ. ಬೋರೋಪ್ಲಸ್ ಕ್ರೀಮು, ನವರತ್ನ ಎಣ್ಣೆಯ ಎಮಾಮಿ. 1974ರಲ್ಲಿ ಇಬ್ಬರು ಗೆಳೆಯರು ಕಲ್ಕತ್ತೆಯಲ್ಲಿ ಕಟ್ಟಿದ ಕಂಪನಿ, ಇಬ್ಬರ ಹೆಸರೂ ರಾಧೇಶ್ಯಾಮ್. ಆಗಸ್ಟಿನಲ್ಲಿ ಸಹಿ ಬಿತ್ತು. ಓಲ್ಡ್ ಟ್ರಾಫರ್ಡಿನ ಕನಸು ಕಂಡವರ ಕೈಗೆ ತಂಪು ತೈಲ ಬಂತು. ದಾದಾ ಮಾತ್ರ ಒಂದೇ ದಿನದಲ್ಲಿ ಚೇತರಿಸಿಕೊಂಡು, "ಲೋಕಲ್ ಕಂಪನಿನೇ ಒಳ್ಳೇದು" ಎಂದು ಪಕ್ಷ ಬದಲಿಸಿದರು. ಸಂಕಟ ಬಂದದ್ದು ಅವರ ಮನೆಯೊಳಗೆ. ಬಂಗಾಳಿ ಮನೆಯಲ್ಲಿ ಒಡೆದ ತುಟಿಗೆ, ಸುಟ್ಟ ಕೈಗೆ, ಮಂಡಿ ತರಚಿಗೆ ಎಲ್ಲಕ್ಕೂ ಒಂದೇ ಮದ್ದು, ಹಸಿರು ಟ್ಯೂಬಿನ ಬೋರೋಲಿನ್. ಅದು 1929ರಿಂದ ಇರುವಂಥದ್ದು. ದಾದಾ ನಿಷ್ಠೆಯಿಂದ ಬೋರೋಪ್ಲಸ್ ತಂದರು. ಅವರ ಹೆಂಡತಿ ಬೌದಿ ಅದನ್ನು ಕಪಾಟಿನ ಹಿಂದಕ್ಕೆ ತಳ್ಳಿ, "ಫುಟ್‌ಬಾಲಿಗೋಸ್ಕರ ಮೈ ಚರ್ಮ ಬದಲಾಯಿಸೋಕಾಗತ್ತಾ?" ಎಂದರಂತೆ.

ಹುಡುಗನಿಗೆ 2023ರ ಮಾರ್ಚ್ 18ರಂದು ಬಿಡುಗಡೆ ಸಿಕ್ಕಿತು. ಗೋವಾದಲ್ಲಿ ಐಎಸ್‌ಎಲ್ ಫೈನಲ್ ಗೆದ್ದ ರಾತ್ರಿಯೇ ಗೋಯೆಂಕಾ ಎಟಿಕೆ ತೆಗೆಯುವುದಾಗಿ ಹೇಳಿದರು. ಬದಲಿಗೆ ಹೆಸರಿನ ಹಿಂದೆ 'ಸೂಪರ್ ಜೈಂಟ್' ಅಂಟಿಕೊಂಡಿತು, ಅದು ಬೇರೆ ಮಾತು. ಪೆನಾಲ್ಟಿಯಲ್ಲಿ ಸೋತ ಎದುರಾಳಿ ನಮ್ಮ ಬೆಂಗಳೂರು ಎಫ್‌ಸಿ. ಮಹಡಿಯ ಮೇಲೆ ಅವನು ಕುಣಿದ ಸದ್ದಿಗೆ ನಮ್ಮ ಹಾಲಿನ ಫ್ಯಾನು ಅಲ್ಲಾಡಿತು. ದಾದಾಗೆ ಸಿಕ್ಕಿದ್ದು 2024ರ ಜನವರಿಯಲ್ಲಿ. ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3–2ರಿಂದ ಸೋಲಿಸಿ ಸೂಪರ್ ಕಪ್, ಹನ್ನೆರಡು ವರ್ಷದ ಮೇಲೆ ಒಂದು ರಾಷ್ಟ್ರೀಯ ಕಪ್ಪು. ಕೋಚ್ ಕಾರ್ಲೆಸ್ ಕ್ವಾದ್ರಾತ್, ಗೆಲುವಿನ ಗೋಲು ಕ್ಲೇಟನ್ ಸಿಲ್ವ. ಇಬ್ಬರೂ ಮೊದಲು ಬೆಂಗಳೂರು ಎಫ್‌ಸಿಯಲ್ಲಿದ್ದವರೇ. ಇದನ್ನು ನಾನು ಎತ್ತಿ ಹೇಳಿದಾಗ ದಾದಾ ಮಾತಾಡದೆ ರಸಗುಲ್ಲದ ಡಬ್ಬ ಗೋಡೆ ದಾಟಿಸಿದರು. ಬೀಗತನ ಮತ್ತೆ ಕೂಡಿತು.

ಈಗಲೂ ದಾದಾ ಗೋಡೆಗೆ ಬರುತ್ತಾರೆ. 2025ರಲ್ಲಿ ಇಡೀ ಲೀಗನ್ನೇ ನಡೆಸಿಕೊಡಿ ಎಂದು ಫೆಡರೇಷನ್ ಟೆಂಡರ್ ಕರೆದಾಗ ಒಂದು ಬಿಡ್ಡೂ ಬರಲಿಲ್ಲ. ಅದನ್ನು ಓದಿದ ಮೇಲೂ ಅವರ ಊಹೆ ನಿಂತಿಲ್ಲ, ವಾರಕ್ಕೊಂದು ಕಂಪನಿ ಹುಡುಕುತ್ತಾರೆ. ಓದುಗರಲ್ಲಿ ಯಾರಾದರೂ ಕಂಪನಿ ಇಟ್ಟುಕೊಂಡಿದ್ದು ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದರೆ ದಯವಿಟ್ಟು ಬನ್ನಿ. ದಾದಾ ಬೆಳಗ್ಗೆ ಆರೂವರೆಯಿಂದ ಏಳೂವರೆವರೆಗೆ ಕಾಂಪೌಂಡಿನ ಹತ್ತಿರ ಸಿಗುತ್ತಾರೆ, ಕಾಫಿ ನಮ್ಮದು. ಇನಿಷಿಯಲ್ ವಿಚಾರ ಮಾತ್ರ ನನ್ನ ಹೆಂಡತಿಯ ಜೊತೆ ಮಾತಾಡಿಕೊಳ್ಳಬೇಕು.