ರಕ್ತ ಸೋರುವ ಅಕ್ಷರ ಸಾಹೇಬರಿಗೆ

ಸನ್ಮಾನ್ಯ ಗಾಥಿಕ್ ಫಾಂಟ್ ಸಾಹೇಬರ ಮೊನಚು ಪಾದಗಳಿಗೆ,

ಹುಬ್ಬಳ್ಳಿಯಿಂದ ತಮ್ಮ ಬಡ ಓದುಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ದೊಡ್ಡಪ್ಪನೂ ಕ್ಷೇಮ, ಓಣಿಯವರನ್ನು ನಂಬಿಸಲು ಎರಡು ದಿನ ಹಿಡಿಯಿತು, ಅಷ್ಟೇ.

ತಮಗೆ ನೆನಪಿರಲಿಕ್ಕಿಲ್ಲ. ದೊಡ್ಡಪ್ಪನ ಅರವತ್ತರ ಶಾಂತಿಗೆಂದು ಓಣಿಯ ತುದಿಗೆ ಹತ್ತು ಫೂಟಿನ ಫ್ಲೆಕ್ಸ್ ಹಾಕಿಸಿದೆವು. ಅಂಗಡಿಯ ಹುಡುಗ "ಇದು ಭಾರಿ ಕಾಣ್ತದ್ರಿ ಅಣ್ಣಾರ" ಎಂದು ತಮ್ಮನ್ನೇ ಆರಿಸಿದ. ಕಪ್ಪು ನೆಲ, ಕೆಂಪು ಅಕ್ಷರ, ಒಂದೊಂದರ ಬುಡದಿಂದಲೂ ತೊಟ್ಟಿಕ್ಕುವ ರಕ್ತ, ನಡುವೆ ಹಾರ ಹಾಕಿಕೊಂಡು ನಗುತ್ತಿರುವ ದೊಡ್ಡಪ್ಪ. ಮರುದಿನ ನಸುಕಿನಲ್ಲೇ ಹಿಂದಿನ ಓಣಿಯ ಹಿರಿಯರೊಬ್ಬರು ಬಾಗಿಲು ಬಡಿದು, ತಲೆ ತಗ್ಗಿಸಿ, "ಮಣ್ಣು ಎಷ್ಟೊತ್ತಿಗ್ರಿ?" ಎಂದು ಕೇಳಿದರು. ಬಾಗಿಲು ತೆಗೆದದ್ದು, ಬಾಯಲ್ಲಿ ಬ್ರಶ್ ಇಟ್ಟುಕೊಂಡಿದ್ದ ದೊಡ್ಡಪ್ಪನೇ.

ತಮ್ಮ ವಿದ್ಯಾದಾನಕ್ಕೂ ನಾನು ಋಣಿ. ಮಹಾಪ್ರಾಣಕ್ಕೆ ಹೊಟ್ಟೆ ಸೀಳಬೇಕೆಂದು ಕನ್ನಡ ಸಾಲಿಯ ಮಾಸ್ತರರು ಕಲಿಸಿದ್ದರು. ದ ಸೀಳಿದರೆ ಧ, ಡ ಸೀಳಿದರೆ ಢ, ಪ ಸೀಳಿದರೆ ಫ. ಯಾರದು ಸೀಳಬೇಕು, ಯಾರದು ಬಿಡಬೇಕು ಎಂದು ಕಲಿಯುವಷ್ಟರಲ್ಲಿ ನಮ್ಮ ಬೆರಳ ಗೆಣ್ಣು ಬಾತಿದ್ದವು. ತಾವೋ ಮಹಾ ಉದಾರಿಗಳು, ಒಂದೊಂದು ಹನಿ ರಕ್ತ ಇಳಿಬಿಟ್ಟು ಸಿಕ್ಕ ಸಿಕ್ಕವರ ಹೊಟ್ಟೆಯನ್ನೆಲ್ಲ ಸೀಳಿಬಿಟ್ಟಿರಿ. ದೊಡ್ಡಪ್ಪ 'ಧೊಢ್ಡಫ್ಪ'ನಾದ. ಓದಲು ಹೋದರೆ ಉಸಿರು ಸಾಲದು. 'ಹುಬ್ಬಳ್ಳಿ'ಯ ಎರಡೂ ಒತ್ತು ತಮ್ಮ ಮುಳ್ಳುಬೇಲಿಯಲ್ಲಿ ಸಿಕ್ಕು ಕಾಣೆಯಾದವು. ಮೊದಲೇ ಒಂದು ಹೊಟ್ಟೆ ಸೀಳಿಸಿಕೊಂಡಿದ್ದ ಧಾರವಾಡ, ಇನ್ನೊಂದನ್ನೂ ತಮಗೊಪ್ಪಿಸಿ 'ಧಾರವಾಢ'ವಾಯಿತು.

ತಮ್ಮದು ದೊಡ್ಡ ಮನೆತನ, ಬಲ್ಲೆ. 1450ರ ದಶಕದಲ್ಲಿ ಗುಟೆನ್‌ಬರ್ಗ್ ಬೈಬಲ್ಲು ಅಚ್ಚಾದದ್ದು ತಮ್ಮ ಪೂರ್ವಜರಲ್ಲೇ. ಅವರ ಮೈಯಿಂದ ಏನೂ ಸೋರುತ್ತಿರಲಿಲ್ಲ ಎಂದು ಸವಿನಯ ನೆನಪಿಸುತ್ತೇನೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಾಗ ಅವರ ಪೆಟ್ಟಿಗೆಯ ಜರ್ಮನ್ ಪುಸ್ತಕಗಳೊಳಗೆ ತಮ್ಮ ಬಂಧುಗಳೇ ಕೂತು ಬಂದಿರಬೇಕು. ಆದರೂ 1894ರಲ್ಲಿ ಅದೇ ಮಿಶನ್ನಿನ ಕಿಟೆಲ್ಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದಾಗ ಕನ್ನಡ ಅಕ್ಷರಗಳು ದುಂಡಗೇ ಇದ್ದವು. ಆ ಪುಣ್ಯಾತ್ಮರಿಗೆ ತಮ್ಮ ಸ್ಟೈಲು ಹೊಳೆಯಲಿಲ್ಲ, ಪಾಪ.

ಒಂದು ಸಣ್ಣ ಅರಿಕೆ. ದೆವ್ವದ ಸಿನಿಮಾದ ಪೋಸ್ಟರಿನಲ್ಲಿ ತಾವು ಸುಖವಾಗಿ ರಾಜ್ಯವಾಳಿ. ಗಿರಮಿಟ್ಟಿನ ಗಾಡಿ, ಬಾಲವಾಡಿಯ ಗೋಡೆ ಬಿಟ್ಟುಕೊಡಿ. (ಹಲ್ಲಿನ ಡಾಕ್ಟರರ ಬೋರ್ಡು ಬೇಕಾದರೆ ಇಟ್ಟುಕೊಳ್ಳಿ, ಅಲ್ಲಿ ಸುಳ್ಳೇನಿಲ್ಲ.)

ಹಾಗೆ ನೋಡಿದರೆ ನಮ್ಮ ದೆವ್ವಗಳಿಗೂ ತಾವು ಬೇಕಿರಲಿಲ್ಲ. 1990ರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದೆವಲ್ಲ. ದೆವ್ವ ಬಂದು, ಓದಿ, ಮರ್ಯಾದೆಯಿಂದ ಹಿಂದಿರುಗುತ್ತಿತ್ತು. ತಮ್ಮಲ್ಲಿ ಬರೆದಿದ್ದರೆ ಓದಲು ಬಾರದೆ, ಏನಿದು ಎಂದು ಕೇಳಲು ಒಳಗೇ ಬಂದುಬಿಡುತ್ತಿತ್ತು.

ಬರುವ ತಿಂಗಳು ತಂಗಿಯ ಮಗನ ಜವಳ. ಫ್ಲೆಕ್ಸಿನ ಹುಡುಗ ಆಗಲೇ ಫೋನು ಮಾಡಿದ್ದಾನೆ. ಅದಕ್ಕೇ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಬರೆದಿಟ್ಟಿದ್ದೇನೆ. ತಮ್ಮಂಥ ದೊಡ್ಡವರಿಗೆ ಏಕವಚನ ಸಲ್ಲದು ಎಂದು 'ನಾಳೆ ಬರ್ರಿ' ಎಂದೇ ಬರೆದಿದ್ದೇನೆ.

ಇತಿ ತಮ್ಮ ವಿಧೇಯ,
ಒಬ್ಬ ಅಲ್ಪಪ್ರಾಣ